ಹಳೇ ಆಫೀಸು, ಪುಟ್ಟ ಮನೆ: ಮೊದಲು ಕಿಟಕಿ ಎಣಿಸಿ

ಹೋದ ಸಂಚಿಕೆಯಲ್ಲಿ, ಖಾಲಿ ಬಿದ್ದಿರುವ ಆಫೀಸ್ ಕಟ್ಟಡಗಳನ್ನು ಪುಟ್ಟ ಮನೆಗಳಾಗಿ ಮಾಡುವ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪ್ರಶ್ನೆ ಬರಬಹುದು ಅಂತ ನಿಜವಾಗಿಯೂ ಅಂದುಕೊಂಡಿರಲಿಲ್ಲ. ಕಟ್ಟಡದ ಮಾಲೀಕರು, ಅಂಥ ಮನೆಯನ್ನು ಬಾಡಿಗೆಗೆ ನೋಡುತ್ತಿರುವವರು, ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ, ಎಲ್ಲರೂ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ, ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಊರಿನ ನಟ್ಟನಡುವೆ ನಮ್ಮ ಕುಟುಂಬದ ಆರು ಮಹಡಿಯ ಆಫೀಸ್ ಕಟ್ಟಡ ಇದೆ. ಬಾಡಿಗೆಗಿದ್ದ ಕಂಪನಿ ಖಾಲಿ ಮಾಡಿ ಮೂರು ವರ್ಷ ಆಯಿತು. ಮುಂಭಾಗ 100 ಅಡಿ, ಆಳ 90 ಅಡಿ. ಎಡಕ್ಕೂ ಬಲಕ್ಕೂ ಬೇರೆ ಕಟ್ಟಡಗಳು ಅಂಟಿಕೊಂಡಿವೆ. ದಲ್ಲಾಳಿಯೊಬ್ಬರು ಹೇಳುತ್ತಾರೆ: ಮಹಡಿಗೆ 9,000 ಚದರಡಿ, 300 ಚದರಡಿಯ ಮನೆ ಮಾಡಿದರೆ ಮಹಡಿಗೆ 30, ಒಟ್ಟು 180 ಮನೆ ಅಂತ. ಈ ಲೆಕ್ಕ ಸರೀನಾ?

ಭಾಗಾಕಾರ ಸರಿಯಾಗಿದೆ. ಮನೆ ಲೆಕ್ಕ ಮಾತ್ರ ಸರಿಯಿಲ್ಲ.

ಚದರಡಿಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಟೇಪು ಹಿಡಿದು ಕಿಟಕಿ ಇರುವ ಗೋಡೆಯನ್ನು ಅಳೆಯಿರಿ. ನಿಮ್ಮ ಕಟ್ಟಡದಲ್ಲಿ ಕಿಟಕಿ ಇರೋದು ಮುಂದೆ ಮತ್ತು ಹಿಂದೆ ಮಾತ್ರ, ಅಂದರೆ ಮಹಡಿಗೆ 200 ಅಡಿ. ಒಂದು ಪುಟ್ಟ ಮನೆಗೆ ಕನಿಷ್ಠ 12 ಅಡಿ ಅಗಲದ ಮುಖ ಬೇಕು, ಅದಕ್ಕಿಂತ ಕಡಿಮೆಯಾದರೆ ಮಂಚ ಹಾಕಿದ ಮೇಲೆ ಓಡಾಡೋಕೆ ಜಾಗ ಉಳಿಯಲ್ಲ. ಹಾಗಾಗಿ ಮುಂದೆ ಎಂಟು, ಹಿಂದೆ ಎಂಟು. ಮಹಡಿಗೆ 16 ಮನೆ. ನೆಲಮಹಡಿಯಲ್ಲಿ ಬಾಗಿಲು, ಮೀಟರ್ ಕೋಣೆ, ಪಂಪು, ಕಸದ ಜಾಗ ಅಂತ ಕಳೆದರೆ ಇಡೀ ಕಟ್ಟಡದಲ್ಲಿ ಸುಮಾರು 85 ಮನೆ. ದಲ್ಲಾಳಿ ಹೇಳಿದ್ದರ ಅರ್ಧಕ್ಕೂ ಕಡಿಮೆ.

ಹಾಗಾದರೆ ಉಳಿದ ಜಾಗ ಎಲ್ಲಿ ಹೋಯಿತು? ಅದು ಮಧ್ಯದಲ್ಲಿದೆ, ಕತ್ತಲಲ್ಲಿ. ಮುಂದಿನ ಸಾಲಿನ ಮನೆ 25 ಅಡಿ ಆಳ, ಹಿಂದಿನ ಸಾಲಿನದು 25 ಅಡಿ ಅಂತ ಇಟ್ಟುಕೊಂಡರೆ ನಡುವೆ 40 ಅಡಿ ಅಗಲದ, 100 ಅಡಿ ಉದ್ದದ ಪಟ್ಟಿ ಉಳಿಯುತ್ತದೆ. ಮಹಡಿಗೆ 4,000 ಚದರಡಿ. ಮೆಟ್ಟಿಲು, ಲಿಫ್ಟು, ಓಡಾಡುವ ದಾರಿ ಎಲ್ಲಾ ಸೇರಿ ಅದರಲ್ಲಿ ಮೂರನೇ ಒಂದು ಭಾಗ ತಿನ್ನಬಹುದು. ಮಿಕ್ಕಿದ್ದು ಟ್ಯೂಬ್‌ಲೈಟ್ ಇಲ್ಲದೆ ಹಗಲಲ್ಲೂ ಕೈಗೆ ಕೈ ಕಾಣದ ಜಾಗ.

25 ಅಡಿ ಅಂತ ಯಾಕೆ ಹೇಳಿದೆ ಅಂದರೆ, ಹಗಲ ಬೆಳಕು ಒಳಗೆ ಎಷ್ಟು ದೂರ ಬರುತ್ತದೆ ಅನ್ನೋದಕ್ಕೆ ನಾವೆಲ್ಲ ಬಳಸುವ ಒಂದು ಕೈಲೆಕ್ಕ ಇದೆ: ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು. ಮೇಲಂಚು 9 ಅಡಿಯಲ್ಲಿದ್ದರೆ 18ರಿಂದ 22 ಅಡಿವರೆಗೆ ಕೆಲಸಕ್ಕೆ ಬರುವಷ್ಟು ಬೆಳಕು. ಅದರ ಹಿಂದೆ ಬಚ್ಚಲು, ಕಪಾಟು ಇಡಬಹುದು, ಅವಕ್ಕೆ ಬೆಳಕಿನ ಹಂಗಿಲ್ಲ. ಅದಕ್ಕೂ ಹಿಂದೆ ಮನುಷ್ಯರನ್ನು ಇಡಬಾರದು.

ಇಲ್ಲೊಂದು ತಮಾಷೆ ಇದೆ. ತುಂಬಾ ಹಳೇ ಆಫೀಸುಗಳನ್ನು ಮನೆ ಮಾಡೋದು ಸುಲಭ, ಅಷ್ಟೇನೂ ಹಳೆಯದಲ್ಲದವನ್ನು ಮಾಡೋದು ಕಷ್ಟ. ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂದಿದ್ದು 1938ರಲ್ಲಿ. ಅದಕ್ಕೂ ಮುಂಚೆ ಗುಮಾಸ್ತ ಕಿಟಕಿ ಪಕ್ಕದಲ್ಲೇ ಕೂರಬೇಕಿತ್ತು, ಇಲ್ಲದಿದ್ದರೆ ಕಡತ ಓದೋಕೆ ಆಗುತ್ತಿರಲಿಲ್ಲ. ಅದಕ್ಕೇ ಆಗಿನ ದೊಡ್ಡ ಕಟ್ಟಡಗಳ ನಕ್ಷೆಯನ್ನು ಮೇಲಿಂದ ನೋಡಿದರೆ ಬಾಚಣಿಗೆ ಥರ ಇರುತ್ತದೆ, ರೆಕ್ಕೆ ರೆಕ್ಕೆಯಾಗಿ, ನಡುನಡುವೆ ಅಂಗಳ ಬಿಟ್ಟು. ಟ್ಯೂಬ್‌ಲೈಟು, ಏಸಿ ಎರಡೂ ಬಂದ ಮೇಲೆ ಆ ಹಂಗೇ ಹೋಯಿತು. 1960, 70ರ ದಶಕದಲ್ಲಿ ಕಟ್ಟಿದವು ಇಟ್ಟಿಗೆಯ ಹಾಗೆ ಗಟ್ಟಿ ಚೌಕ. ನಿಮ್ಮದು ಆ ಜಾತಿ ಅಂತ ಕಾಣುತ್ತದೆ.

ಈಗ ಆ ಕತ್ತಲ ಪಟ್ಟಿಗೆ ಏನು ಮಾಡೋದು? ನ್ಯೂಯಾರ್ಕಿನಲ್ಲಿ 25 ವಾಟರ್ ಸ್ಟ್ರೀಟ್ ಅಂತ ಒಂದು ಕಟ್ಟಡ ಇದೆ. 1960ರ ದಶಕದ ಕೊನೆಯದು, 22 ಮಹಡಿ, ಕಿಟಕಿ ಅಂದರೆ ಸೀಳಿನ ಹಾಗೆ ಸಣ್ಣವು. ಅಲ್ಲಿ ಕಟ್ಟಡದ ಹೊಟ್ಟೆಯನ್ನೇ ಕೊಯ್ದು ಎರಡು ಒಳ ಅಂಗಳ ಮಾಡಿದರು, ಕಳೆದುಕೊಂಡ ಜಾಗಕ್ಕೆ ಬದಲಾಗಿ ಮೇಲೆ 10 ಮಹಡಿ ಏರಿಸಿದರು, ಮುಖದ ಗೋಡೆ ಬದಲಿಸಿ ದೊಡ್ಡ ಕಿಟಕಿ ಇಟ್ಟರು. ಒಟ್ಟು 1,320 ಮನೆ. ಎಲ್ಲರಿಗೂ ಅದು ಆಗದ ಮಾತು. ಮೇಲೆ ಮಹಡಿ ಏರಿಸೋಕೆ ಅಡಿಪಾಯ ಒಪ್ಪಬೇಕು, ನಗರದ ನಿಯಮವೂ ಒಪ್ಪಬೇಕು.

ನಿಮ್ಮ ಕಟ್ಟಡದಲ್ಲೂ ಒಳ ಅಂಗಳ ಕೊಯ್ಯಬಹುದು. ಆದರೆ ಕಂಬ, ತೊಲೆ ಮುಟ್ಟದೆ, ನಾಲ್ಕು ಕಂಬಗಳ ನಡುವಿನ ಸ್ಲ್ಯಾಬ್ ಮಾತ್ರ ತೆಗೆಯುವಂತಿದ್ದರೆ ಮಾತ್ರ ಮುಂದುವರಿಯಿರಿ. ಅಗಲದಲ್ಲಿ ಜಿಪುಣತನ ಮಾಡಬೇಡಿ. 60, 70 ಅಡಿ ಎತ್ತರದ ಕಟ್ಟಡದಲ್ಲಿ 10 ಅಡಿ ಅಗಲ ಕೊಯ್ದರೆ ಅದು ಅಂಗಳ ಅಲ್ಲ, ಬಾವಿ. ಕೆಳಗಿನವರಿಗೆ ಬರೋದು ಮೇಲಿನವರ ಮಾತು ಮತ್ತು ಒಗ್ಗರಣೆ ಹೊಗೆ, ಬೆಳಕಲ್ಲ. ಅಂಗಳವನ್ನು ನೆಲದಿಂದಲೇ ಶುರು ಮಾಡಬೇಕು ಅಂತಲೂ ಇಲ್ಲ, ಎರಡನೇ ಮಹಡಿಯಿಂದ ಮೇಲಕ್ಕೆ ಕೊಯ್ದು ಕೆಳಗಿನ ಆಳವಾದ ಜಾಗವನ್ನು ಅಂಗಡಿಗೋ ಕೆಲಸದ ಜಾಗಕ್ಕೋ ಬಿಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಕೋಬೇಡಿ. ಅಂಗಳದಿಂದ ಮನೆಗಳ ಸಂಖ್ಯೆ ಭಾರೀ ಏರಲ್ಲ. ಇರುವ ಮನೆಗಳು 25 ಅಡಿಯ ಬದಲು 32 ಅಡಿ ಆಗಬಹುದು, ಹಿಂದುಗಡೆಯಿಂದಲೂ ಗಾಳಿ ಆಡಬಹುದು. ಅದು ದಲ್ಲಾಳಿಯ ಕಾಗದದಲ್ಲಿ ಕಾಣಿಸದ ಲಾಭ. ಅಂಗಳ ಆಗದೇ ಇದ್ದರೆ ಕತ್ತಲ ಪಟ್ಟಿಯನ್ನು ಕತ್ತಲಿಗೆ ಹೊಂದುವ ಕೆಲಸಕ್ಕೇ ಕೊಡಿ: ಬಟ್ಟೆ ಒಗೆಯುವ ಕೋಣೆ, ಸೈಕಲ್ ನಿಲ್ಲಿಸುವ ಜಾಗ, ಪ್ರತಿ ಮನೆಗೂ ಒಂದೊಂದು ಬೀಗದ ಉಗ್ರಾಣ. 300 ಚದರಡಿಯಲ್ಲಿ ಬದುಕುವವರಿಗೆ ದೊಡ್ಡ ಸೂಟ್‌ಕೇಸು, ಹಳೇ ಹಾಸಿಗೆ, ಮಗುವಿನ ತೊಟ್ಟಿಲು ಎಲ್ಲಿಡೋದು ಅನ್ನೋದೇ ದೊಡ್ಡ ತಲೆನೋವು. ಮನೆಯಿಂದ ಹತ್ತು ಹೆಜ್ಜೆಯಲ್ಲಿ 30 ಚದರಡಿಯ ಗೂಡು ಸಿಕ್ಕರೆ, ಆ 300 ಚದರಡಿ 400ರ ಹಾಗೆ ಅನಿಸುತ್ತದೆ.

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ಮಹಡಿಗೆ ಎರಡೇ ಶೌಚಾಲಯ, ಅದೂ ಲಿಫ್ಟ್ ಪಕ್ಕ. ಈಗ ಪ್ರತಿ ಮನೆಗೂ ಬಚ್ಚಲು ಬೇಕು. ಕಂಟ್ರ್ಯಾಕ್ಟರು "ಪೈಪ್ ತಾನೇ, ಎಲ್ಲಿಗೆ ಬೇಕಾದರೂ ಎಳೆಯಬಹುದು" ಅನ್ನುತ್ತಾರೆ.

ಕುಡಿಯುವ ನೀರಿನ ಪೈಪಾದರೆ ಹೌದು. ಅದರಲ್ಲಿ ಒತ್ತಡ ಇದೆ, ಹೇಳಿದ ಕಡೆಗೆ ಹೋಗುತ್ತದೆ. ಕೊಳಚೆ ನೀರಿಗೆ ಒತ್ತಡ ಇಲ್ಲ, ಇಳಿಜಾರು ಬೇಕು. 40 ಅಡಿಗೆ ಒಂದು ಅಡಿ ಇಳಿಯಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಕಮೋಡಿನಿಂದ ಇಳಿಪೈಪು 5 ಮೀಟರ್ ದೂರ ಇದ್ದರೆ ಇಳಿಜಾರಿಗೇ 125 ಮಿಲಿಮೀಟರ್ ಹೋಯಿತು. ಪೈಪಿನ ದಪ್ಪ ಇನ್ನೊಂದು 110. ಎರಡೂ ಸೇರಿ ಒಂಬತ್ತು ಅಂಗುಲ ದಾಟಿತು. ಅಂದರೆ ಬಚ್ಚಲಿನ ನೆಲವನ್ನು ಅಷ್ಟು ಎತ್ತರಿಸಬೇಕು. ರಾತ್ರಿ ನಿದ್ದೆಗಣ್ಣಲ್ಲಿ ಹೋಗುವವರಿಗೆ ಅದು ಎಡವೋಕೆ ಮಾಡಿದ ಕಟ್ಟೆ, ವಯಸ್ಸಾದವರಿಗಂತೂ ಅಪಾಯ.

ಇನ್ನೊಂದು ದಾರಿ ಸ್ಲ್ಯಾಬ್ ಕೊರೆದು ಪೈಪನ್ನು ಕೆಳಗಿನ ಮನೆಯ ಚಾವಣಿಯಲ್ಲಿ ಓಡಿಸೋದು. ಆಫೀಸ್ ಮಹಡಿಗಳು ಮನೆಗಿಂತ ಎತ್ತರ, ಹಾಗಾಗಿ ಜಾಗ ಇರುತ್ತದೆ. ಆದರೆ ನಿಮ್ಮ ಪೈಪ್ ಸೋರಿದರೆ ರಿಪೇರಿಗೆ ಕೆಳಗಿನವರ ಬಾಗಿಲು ತಟ್ಟಬೇಕು. ಅವರು ಊರಲ್ಲಿಲ್ಲ ಅಂದರೆ?

ಒಳ್ಳೆಯ ಉಪಾಯ ಸರಳವಾದದ್ದು. ಅಕ್ಕಪಕ್ಕದ ಎರಡು ಮನೆಗಳ ಬಚ್ಚಲನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ನಡುವೆ ಒಂದೇ ಇಳಿಪೈಪಿನ ಗೂಡು ಮಾಡಿ, ಅದನ್ನು ಮೇಲಿಂದ ಕೆಳಗಿನವರೆಗೂ ನೇರವಾಗಿ ಇಳಿಸಿ. ಕಮೋಡು ಆ ಗೂಡಿಗೆ ಅಂಟಿದಂತಿರಲಿ. ಗೂಡಿನ ಬಾಗಿಲು ಮನೆಯೊಳಗೆ ಬೇಡ, ಓಡಾಡುವ ದಾರಿಯ ಕಡೆಗೆ ತೆರೆಯಲಿ. ಪ್ಲಂಬರ್ ಬಂದು ಯಾರನ್ನೂ ಎಬ್ಬಿಸದೆ ಕೆಲಸ ಮುಗಿಸಿ ಹೋಗಬಹುದು. ಗಾಳಿ ಪೈಪನ್ನು ಚಾವಣಿ ದಾಟಿಸಿ ಮೇಲಕ್ಕೆ ಬಿಡೋದು ಮರೆಯಬೇಡಿ, ಅದಿಲ್ಲದಿದ್ದರೆ ಮೇಲಿನ ಮನೆಯವರು ಫ್ಲಶ್ ಮಾಡಿದಾಗಲೆಲ್ಲ ಕೆಳಗಿನ ಬಚ್ಚಲಿನ ಟ್ರ್ಯಾಪಿನಲ್ಲಿ (ನಾತ ತಡೆಯೋಕೆ ನೀರು ನಿಲ್ಲುವ ಬಾಗಿದ ಪೈಪು) ಇರುವ ನೀರನ್ನು ಗಾಳಿ ಎಳೆದುಕೊಂಡು ಹೋಗುತ್ತದೆ, ಆಮೇಲೆ ಮನೆ ತುಂಬಾ ನಾತ.

ಕೊರೆಯುವ ಮುಂಚೆ ಒಂದು ಎಚ್ಚರಿಕೆ. ಕೆಲವು ಆಫೀಸ್ ಸ್ಲ್ಯಾಬುಗಳ ಒಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಕೇಬಲ್ ಇರುತ್ತವೆ, ಪೋಸ್ಟ್ ಟೆನ್ಷನ್ ಅಂತಾರೆ. ಒಂದು ತುಂಡಾದರೆ ಆ ಭಾಗದ ಬಲವೇ ಹೋಗುತ್ತದೆ, ಎದುರು ನಿಂತವರ ಪ್ರಾಣಕ್ಕೂ ಅಪಾಯ. ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಕೆಲಸದಲ್ಲಿ, ರಾಡಾರ್ ಸ್ಕ್ಯಾನ್ ಮಾಡಿಸಿ ಕೇಬಲ್ ಇರುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆವು. ರಾತ್ರಿ ಯಾರೋ ನೆಲ ಒರೆಸಿಬಿಟ್ಟಿದ್ದರು! ಬೆಳಿಗ್ಗೆ ಕೊರೆಯುವ ಹುಡುಗ "ನೆನಪಿದೆ ಸಾರ್, ಇಲ್ಲೇ" ಅಂದ. ಸದ್ಯ, ಮೆಷಿನ್ ಶುರು ಮಾಡುವ ಮುಂಚೆ ಕೇಳಿದ. ಆಮೇಲಿಂದ ನಾನು ಪೇಂಟಿನಲ್ಲೇ ಗುರುತು ಹಾಕಿಸೋದು.

ಪ್ರಶ್ನೆ: 50 ವರ್ಷದ ಹಳೇ ಕಟ್ಟಡ. ಮನೆಗಳ ಭಾರ ತಡೆಯುತ್ತದಾ?

ಜನರ ಭಾರದ ಬಗ್ಗೆ ಚಿಂತೆ ಬೇಡ. ಕಡತ, ಕಪಾಟು, ಜನಜಂಗುಳಿ ಅಂತ ಆಫೀಸ್ ಮಹಡಿಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ 250 ಕಿಲೋ ಅಥವಾ ಅದಕ್ಕೂ ಜಾಸ್ತಿಗೆ ಲೆಕ್ಕ ಹಾಕಿರುತ್ತಾರೆ. ಮನೆಗೆ 200 ಸಾಕು.

ಚಿಂತೆ ಮಾಡಬೇಕಾದ್ದು ಗೋಡೆ ಬಗ್ಗೆ. ಆಫೀಸಿನಲ್ಲಿ ಗೋಡೆಯೇ ಇರಲಿಲ್ಲ, ಈಗ ಮಹಡಿಗೆ 16 ಮನೆಯ ಗೋಡೆ ಬರುತ್ತದೆ. ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ, 3 ಮೀಟರ್ ಎತ್ತರ, ಎರಡೂ ಕಡೆ ಪ್ಲಾಸ್ಟರ್: ಉದ್ದದ ಒಂದೊಂದು ಮೀಟರಿಗೂ ಮುಕ್ಕಾಲು ಟನ್ ದಾಟುತ್ತದೆ. ಅದನ್ನೇ ಹಗುರ ಬ್ಲಾಕಿನಲ್ಲಿ ಕಟ್ಟಿದರೆ ಅರ್ಧಕ್ಕೂ ಕಡಿಮೆ, ಜಿಪ್ಸಂ ಹಲಗೆಯಲ್ಲಿ ಇನ್ನೂ ಕಡಿಮೆ. "ಇಟ್ಟಿಗೆನೇ ಗಟ್ಟಿ" ಅನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ ಈ ಲೆಕ್ಕ ತೋರಿಸಿ.

ಇನ್ನೊಂದು ಭಾರವನ್ನು ಎಲ್ಲರೂ ಮರೆಯುತ್ತಾರೆ. ನೀರು. ಆಫೀಸಿಗೆ ಬರುವವರು ಕೈ ತೊಳೆದು ಹೋಗುತ್ತಾರೆ, ದಿನಕ್ಕೆ ತಲೆಗೆ 45 ಲೀಟರ್ ಅಂತ ಲೆಕ್ಕ. ಮನೆಯಲ್ಲಿ ಸ್ನಾನ, ಅಡುಗೆ, ಬಟ್ಟೆ ಎಲ್ಲಾ ಸೇರಿ 135. ನಾವು ಮೇಲೆ ಹೇಳಿದ 85 ಮನೆಯಲ್ಲಿ ಇಬ್ಬಿಬ್ಬರು ಇದ್ದರೆ ದಿನಕ್ಕೆ ಹತ್ತಿರ ಹತ್ತಿರ 23,000 ಲೀಟರ್. ಅಷ್ಟನ್ನೂ ಚಾವಣಿ ಮೇಲೆ ಇಟ್ಟರೆ 23 ಟನ್, ಅದೂ ಆ ಕಟ್ಟಡ ಕಟ್ಟಿದವರು ಕನಸಿನಲ್ಲೂ ಯೋಚಿಸಿರದ ಮೂಲೆಯಲ್ಲಿ. ಹೆಚ್ಚಿನ ಪಾಲು ನೆಲದೊಳಗಿನ ಸಂಪಿನಲ್ಲಿರಲಿ, ಮೇಲೆ ಕೆಲವು ಗಂಟೆಗೆ ಸಾಕಾಗುವಷ್ಟು ಇಡಿ, ಅದನ್ನೂ ಕಂಬದ ನೆತ್ತಿಯ ಮೇಲೆ ಹಂಚಿ ಇಡಿ.

ಇನ್ನು ಕಾಂಕ್ರೀಟಿನ ಆರೋಗ್ಯ. ಸುತ್ತಿಗೆಯಲ್ಲಿ ತಟ್ಟಿ "ಗಟ್ಟಿಯಾಗಿದೆ" ಅನ್ನೋದು ಪರೀಕ್ಷೆ ಅಲ್ಲ. ಕೆಲವು ಕಡೆ ಕೋರ್, ಅಂದರೆ ಉರುಳೆಯಾಕಾರದ ಕಾಂಕ್ರೀಟ್ ತುಂಡು, ಕೊರೆದು ತೆಗೆದು ಲ್ಯಾಬಿನಲ್ಲಿ ಒಡೆದು ನೋಡಬೇಕು. ಜೊತೆಗೆ ಒಂದು ಅಗ್ಗದ, ಕಣ್ಣಿಗೆ ಕಾಣುವ ಪರೀಕ್ಷೆ ಇದೆ: ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ಅನ್ನೋ ದ್ರಾವಣ ಚಿಮುಕಿಸೋದು. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನಲ್ಲಿ ಕ್ಷಾರ ಇನ್ನೂ ಉಳಿದಿದೆ, ಅದು ಕಂಬಿಯನ್ನು ಕಾಯುತ್ತಿದೆ. ಬಣ್ಣವೇ ಬರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಲ್ಲಿಯವರೆಗೆ ಒಳಗೆ ಬಂದು ಕ್ಷಾರವನ್ನು ತಿಂದಿದೆ ಅಂತ ಅರ್ಥ. ಬಣ್ಣ ಬರದ ಆ ಪದರ ಕಂಬಿವರೆಗೂ ಮುಟ್ಟಿದ್ದರೆ, ತೇವ ಸಿಕ್ಕಿದ ಕೂಡಲೇ ತುಕ್ಕು ಶುರು. ಒಂದು ಕಾಲದಲ್ಲಿ ಏಸಿಯಲ್ಲಿ ಒಣಗಿಕೊಂಡು ಸುಖವಾಗಿದ್ದ ಸ್ಲ್ಯಾಬಿನ ಮೇಲೆ ಈಗ 85 ಬಚ್ಚಲು ಬರುತ್ತಿವೆ ಅನ್ನೋದು ನೆನಪಿರಲಿ.

ಪ್ರಶ್ನೆ: ಒಳಗಿನದನ್ನೆಲ್ಲ ಹತ್ತು ದಿನದಲ್ಲಿ ಒಡೆದು ಖಾಲಿ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಒಪ್ಪಲೇ?

ಬೇಡ. 1980ರ ದಶಕದವರೆಗಿನ ಕಟ್ಟಡಗಳಲ್ಲಿ ಫಾಲ್ಸ್ ಸೀಲಿಂಗ್ ಹಲಗೆ, ಏಸಿ ಪೈಪಿಗೆ ಸುತ್ತಿದ ಹೊದಿಕೆ, ನೆಲದ ವಿನೈಲ್ ಟೈಲು ಮತ್ತು ಅದರ ಅಂಟು, ಇವುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಸುಮ್ನೆ ಇದ್ದಾಗ ಅಷ್ಟು ತೊಂದರೆ ಇಲ್ಲ. ಒಡೆದಾಗ, ಕೊರೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಅದು ತರುವ ಕ್ಯಾನ್ಸರ್ ಹತ್ತಾರು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಒಡೆದವನೂ ನಿಮಗೆ ಸಿಗಲ್ಲ, ನೀವೂ ಅವನಿಗೆ ಸಿಗಲ್ಲ. ಮೊದಲು ಮಾದರಿ ತೆಗೆಸಿ ಲ್ಯಾಬಿಗೆ ಕಳಿಸಿ. ಇದೆ ಅಂತ ಬಂದರೆ ಜಾಗವನ್ನು ಮುಚ್ಚಿ, ಒದ್ದೆ ಮಾಡಿ, ಆ ಕೆಲಸದ ತರಬೇತಿ ಇರುವವರಿಂದ ತೆಗೆಸಬೇಕು. ಹಳೇ ಬಣ್ಣದಲ್ಲಿ ಸೀಸ ಇದೆಯಾ ಅಂತಲೂ ಅದೇ ಸಲ ನೋಡಿಸಿಬಿಡಿ.

ಪ್ರಶ್ನೆ: ದೊಡ್ಡ ಬದಲಾವಣೆ ಯಾಕೆ? ಇರುವ ಕ್ಯಾಬಿನ್‌ಗಳಿಗೇ ಒಂದೊಂದು ಮಂಚ, ಒಂದೊಂದು ಒಲೆ ಹಾಕಿ ಬಾಡಿಗೆಗೆ ಕೊಟ್ಟರೆ ಯಾರು ಕೇಳುತ್ತಾರೆ?

ಯಾರೂ ಕೇಳದೇ ಇರಬಹುದು. ಬೆಂಕಿ ಕೇಳುತ್ತದೆ.

ಆಫೀಸಿಗೂ ಮನೆಗೂ ಇರುವ ದೊಡ್ಡ ವ್ಯತ್ಯಾಸ ಅಡುಗೆಮನೆ ಅಲ್ಲ, ಬಚ್ಚಲೂ ಅಲ್ಲ. ಮನೆಯಲ್ಲಿ ಜನ ಮಲಗುತ್ತಾರೆ. ಆಫೀಸಿನ ಇಡೀ ಬೆಂಕಿ ವ್ಯವಸ್ಥೆ, ಒಳಗಿರುವವರೆಲ್ಲ ಎಚ್ಚರವಾಗಿದ್ದಾರೆ, ಬಟ್ಟೆ ಹಾಕಿಕೊಂಡಿದ್ದಾರೆ, ಮೆಟ್ಟಿಲು ಎಲ್ಲಿದೆ ಅಂತ ಗೊತ್ತಿದೆ, ಗಂಟೆ ಬಾರಿಸಿದರೆ ಎದ್ದು ನಡೆಯುತ್ತಾರೆ ಅನ್ನುವ ನಂಬಿಕೆ ಮೇಲೆ ನಿಂತಿರುತ್ತದೆ. ರಾತ್ರಿ ಮೂರು ಗಂಟೆಗೆ ಮಗು ಪಕ್ಕದಲ್ಲಿ ಮಲಗಿರುವ ತಾಯಿಗೆ ಇದ್ಯಾವುದೂ ಅನ್ವಯಿಸಲ್ಲ. ಅವರನ್ನು ಕೊಲ್ಲೋದು ಹೆಚ್ಚಾಗಿ ಉರಿ ಅಲ್ಲ, ಹೊಗೆ. ಫಾಲ್ಸ್ ಸೀಲಿಂಗ್ ಮೇಲಿನ ಖಾಲಿ ಜಾಗ ಇಡೀ ಮಹಡಿಗೆ ಒಂದೇ ಆಗಿರುತ್ತದೆ, ಒಂದು ಕ್ಯಾಬಿನ್ನಿನ ಹೊಗೆ ಅಲ್ಲಿಂದ ಹತ್ತು ಕ್ಯಾಬಿನ್ನಿಗೆ ಇಳಿಯುತ್ತದೆ.

ಅದಕ್ಕೇ ಪ್ರತಿ ಮನೆಯೂ ತನ್ನಷ್ಟಕ್ಕೆ ಒಂದು ಮುಚ್ಚಿದ ಡಬ್ಬಿ ಆಗಿರಬೇಕು: ಗೋಡೆ ಸ್ಲ್ಯಾಬಿನಿಂದ ಸ್ಲ್ಯಾಬಿನವರೆಗೆ, ಪೈಪು ತೂರಿದ ತೂತುಗಳಿಗೆಲ್ಲ ಬೆಂಕಿ ತಡೆಯುವ ಸೀಲೆಂಟ್, ತಾನಾಗೇ ಮುಚ್ಚಿಕೊಳ್ಳುವ ಬಾಗಿಲು. ಹಾಸಿಗೆ ಹತ್ತಿರ ಕೂಗುವ ಹೊಗೆ ಅಲಾರಂ. ಒಂದು ಮೆಟ್ಟಿಲು ಹೊಗೆ ತುಂಬಿದರೆ ಓಡೋಕೆ ಇನ್ನೊಂದು ಮೆಟ್ಟಿಲು. ಜೊತೆಗೆ ಬಳಕೆ ಬದಲಾವಣೆಗೆ ಅನುಮತಿ ಪಡೆಯದೆ ಇದ್ದರೆ ವಿಮೆಯವರು ಕೈ ಎತ್ತಿಬಿಡಬಹುದು. ಈ ಯೋಚನೆ ಇಲ್ಲಿಗೇ ಬಿಟ್ಟುಬಿಡಿ.

ಪ್ರಶ್ನೆ: ಇಂಥ ಕಟ್ಟಡದಲ್ಲಿ 260 ಚದರಡಿಯ ಮನೆಯೊಂದನ್ನು ನೋಡಿ ಬಂದೆ. ಚೆನ್ನಾಗಿದೆ, ಆಫೀಸಿಗೆ ನಡೆದೇ ಹೋಗಬಹುದು. ಒಬ್ಬಳೇ ಇರೋದು. ಏನೇನು ಗಮನಿಸಬೇಕು?

ಇನ್ನೊಂದು ಸಲ ಹೋಗಿ, ಈ ಸಲ ಮಧ್ಯಾಹ್ನ ಹೋಗಿ. ಒಳಗೆ ಕಾಲಿಟ್ಟ ಕೂಡಲೇ ಎಲ್ಲಾ ದೀಪ ಆರಿಸಿ. ತೋರಿಸುವವರು ದೀಪ ಹಾಕಿಯೇ ಇಟ್ಟಿರುತ್ತಾರೆ, ಅದಕ್ಕೊಂದು ಕಾರಣ ಇರುತ್ತದೆ! ಹಾಸಿಗೆ ಬರುವ ಜಾಗದಲ್ಲಿ ನಿಂತು ಫೋನಿನಲ್ಲಿ ಅಲ್ಲ, ಕಾಗದದಲ್ಲಿ ಅಚ್ಚಾದ ಏನನ್ನಾದರೂ ಓದಿ. ಆಮೇಲೆ ಕಿಟಕಿ ತೆರೆಯಿರಿ. ತೆರೆಯೋಕೆ ಬರುತ್ತದಾ? ಗಾಜಿನ ಮುಖದ ಆಫೀಸುಗಳಲ್ಲಿ ಕಿಟಕಿ ಬಿಗಿದು ಕೂರಿಸಿರುತ್ತಾರೆ, ಏಸಿ ಇದೆಯಲ್ಲ ಅಂತ. ಕರೆಂಟ್ ಹೋದ ರಾತ್ರಿ ಆ ಮನೆ ಹಬೆಪೆಟ್ಟಿಗೆ ಆಗುತ್ತದೆ.

ಅಳತೆ ಬಗ್ಗೆ ಒಂದು ಕಥೆ ಹೇಳುತ್ತೇನೆ, ಕೇಳಿ. ಇಂಗ್ಲೆಂಡಿನಲ್ಲಿ 2013ರಲ್ಲಿ ಒಂದು ನಿಯಮ ತಂದರು, ಆಫೀಸನ್ನು ಮನೆ ಮಾಡೋಕೆ ಪೂರ್ತಿ ಯೋಜನಾ ಅನುಮತಿ ಬೇಡ ಅಂತ. ಮನೆಗಳ ಕೊರತೆ ಇತ್ತು, ಖಾಲಿ ಆಫೀಸುಗಳಿದ್ದವು, ಕೇಳೋಕೆ ಚೆನ್ನಾಗೇ ಇತ್ತು. ಮನೆಗಳೇನೋ ಸಾವಿರಗಟ್ಟಲೆ ಬಂದವು. ಆದರೆ ಎಷ್ಟೋ ಮನೆಗಳು ಗೂಡಿನಷ್ಟು ಸಣ್ಣ, ಕೆಲವಕ್ಕೆ ಸರಿಯಾದ ಕಿಟಕಿಯೇ ಇಲ್ಲ. ಗಲಾಟೆಯಾಗಿ 2020ರಲ್ಲಿ ವಾಸದ ಕೋಣೆಗಳಿಗೆ ಹಗಲ ಬೆಳಕು ಕಡ್ಡಾಯ ಮಾಡಿದರು, 2021ರಲ್ಲಿ ಕನಿಷ್ಠ ಅಳತೆಯನ್ನೂ ತಂದರು. ಒಬ್ಬರು ಇರುವ ಮನೆಗೆ 37 ಚದರ ಮೀಟರ್, ಅಂದರೆ ಸುಮಾರು 400 ಚದರಡಿ. ಬೆಳಕಿನ ನಿಯಮಕ್ಕೆ ಏಳು ವರ್ಷ ಹಿಡಿಯಿತು ಅನ್ನೋದು ನನಗೆ ಇವತ್ತಿಗೂ ಬೇಜಾರು.

ನಿಮ್ಮ 260 ಅದಕ್ಕಿಂತ ಎಷ್ಟೋ ಕಡಿಮೆ. ಹಾಗಂತ ಬೇಡವೇ ಬೇಡ ಅನ್ನಲ್ಲ. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ 1828ರಲ್ಲಿ ಕಟ್ಟಿದ ಆರ್ಕೇಡ್ ಅನ್ನೋ ಅಂಗಡಿ ಸಾಲಿನ ಕಟ್ಟಡ ಇದೆ. ಅದರ ಮೇಲಿನ ಎರಡು ಅಂತಸ್ತಿನಲ್ಲಿ 2013ರಲ್ಲಿ 48 ಪುಟ್ಟ ಮನೆ ಮಾಡಿದರು, ಜನ ಸಾಲು ನಿಂತರು. ಅಲ್ಲಿ ಮನೆ ಚಿಕ್ಕದು, ನಿಜ. ಆದರೆ ಬಾಗಿಲು ತೆಗೆದರೆ ಗಾಜಿನ ಚಾವಣಿಯ ಕೆಳಗೆ ಬೆಳಕು ತುಂಬಿದ ಮೊಗಸಾಲೆ. ನೀವು ನೋಡಿದ ಮನೆಯ ಬಾಗಿಲು ತೆಗೆದರೆ ಏನು ಕಾಣುತ್ತದೆ ಅಂತ ನೋಡಿ. ಉದ್ದನೆಯ ಕತ್ತಲ ಓಣಿ ಆದರೆ, ಬಾಡಿಗೆ ಕಡಿಮೆ ಇದ್ದರೂ ಎರಡು ಸಲ ಯೋಚಿಸಿ.

ಇನ್ನು ಸಣ್ಣಪುಟ್ಟವು: ಕರೆಂಟಿಗೆ, ನೀರಿಗೆ ನಿಮ್ಮದೇ ಮೀಟರ್ ಇದೆಯಾ ಕೇಳಿ. ಏಸಿ ಇಡೀ ಮಹಡಿಗೆ ಒಂದೇ ಆಗಿದ್ದರೆ ಭಾನುವಾರ ಅದನ್ನು ಆರಿಸುತ್ತಾರಾ ಕೇಳಿ, ಯಾಕೆಂದರೆ ಹಳೇ ಆಫೀಸ್ ಅಭ್ಯಾಸಗಳು ಸುಲಭಕ್ಕೆ ಸಾಯಲ್ಲ. ಸಂಜೆ ಎಂಟರ ಮೇಲೆ ಆ ಬೀದಿಯಲ್ಲಿ ಒಂದು ಸುತ್ತು ನಡೆದು ಬನ್ನಿ. ಕಚೇರಿಗಳೇ ತುಂಬಿರುವ ಬೀದಿ ಹಗಲಲ್ಲಿ ಜಾತ್ರೆ, ರಾತ್ರಿ ಮಸಣ.

ಪ್ರಶ್ನೆ: ಪರಿವರ್ತನೆ ಮಾಡಿದ ಕಟ್ಟಡದಲ್ಲಿ ಎರಡು ವರ್ಷದಿಂದ ಇದ್ದೇವೆ. ಪಕ್ಕದ ಮನೆಯವರ ಫೋನ್ ಮಾತು ಪದ ಪದ ಕೇಳುತ್ತದೆ. ಮೇಲಿನವರ ಹೆಜ್ಜೆ ಸದ್ದು ಬೇರೆ. ಏನಾದರೂ ಮಾಡಬಹುದಾ?

ಎರಡೂ ಬೇರೆ ಬೇರೆ ಕಾಯಿಲೆ. ಮಾತು ಕೇಳಿಸುತ್ತಿದ್ದರೆ ಮೊದಲು ಫಾಲ್ಸ್ ಸೀಲಿಂಗಿನ ಒಂದು ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡಿ. ಗೋಡೆ ಅಲ್ಲಿಗೇ ನಿಂತಿದ್ದರೆ, ಮೇಲಿನ ಸ್ಲ್ಯಾಬ್ ಮುಟ್ಟದಿದ್ದರೆ, ಕಾರಣ ಸಿಕ್ಕಿತು. ಆಫೀಸಿನಲ್ಲಿ ಗೋಡೆ ಹಾಗೇ ಕಟ್ಟೋದು. ಆ ಸಂದನ್ನು ಎರಡು ಪದರ ಜಿಪ್ಸಂ ಹಲಗೆ, ನಡುವೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ) ಹಾಸು ಹಾಕಿ ಮುಚ್ಚಿಸಿದರೆ ಬಹಳ ಮಟ್ಟಿಗೆ ಹೋಗುತ್ತದೆ. ಬೆಂಕಿ ಬಗ್ಗೆ ಮೇಲೆ ಹೇಳಿದೆನಲ್ಲ, ಆ ದೃಷ್ಟಿಯಿಂದಲೂ ಇದನ್ನು ಮಾಲೀಕರೇ ಮಾಡಿಸಿಕೊಡಬೇಕು, ಬಿಡಬೇಡಿ. ಎರಡು ಮನೆಯ ಸ್ವಿಚ್ ಡಬ್ಬಿಗಳು ಗೋಡೆಯ ಎರಡು ಕಡೆ ಬೆನ್ನಿಗೆ ಬೆನ್ನು ಕೂತಿದ್ದರೆ ಅವನ್ನೂ ಸರಿಸಬೇಕು, ಅದೊಂದು ಕಿವಿಯೇ.

ಹೆಜ್ಜೆ ಸದ್ದಿಗೆ ಕೆಳಗಿನಿಂದ ಮಾಡುವ ಮದ್ದು ಅಷ್ಟಾಗಿ ನಾಟಲ್ಲ. ಆಫೀಸ್ ಇದ್ದಾಗ ಮೇಲೆ ಕಾರ್ಪೆಟ್ ಇತ್ತು, ಮನೆ ಮಾಡುವಾಗ ಅದನ್ನು ಕಿತ್ತು ಟೈಲ್ ಹಾಕಿದ್ದಾರೆ. ಟೈಲ್ ಕೆಳಗೆ ರಬ್ಬರಿನ ಹಾಸು ಹಾಕಬೇಕಿತ್ತು. ಈಗ ಉಳಿದಿರೋದು ಮೇಲಿನವರ ಜೊತೆ ಸ್ನೇಹ, ಒಂದು ದಪ್ಪ ಜಮಖಾನೆ ಕಾಣಿಕೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಇಷ್ಟೆಲ್ಲಾ ರಾಮಾಯಣದ ಬದಲು ಕೆಡವಿ ಹೊಸದಾಗಿ ಕಟ್ಟೋದೇ ಮೇಲಲ್ವಾ?

ಕೆಲವು ಸಲ ಹೌದು. ಕಿಟಕಿಯ ಗೋಡೆ ಕಡಿಮೆ, ಮಹಡಿ ಎತ್ತರ ಕಡಿಮೆ, ಕಾಂಕ್ರೀಟ್ ಗುಲಾಬಿ ಆಗುತ್ತಿಲ್ಲ: ಈ ಮೂರೂ ಸೇರಿದರೆ ನಾನೇ ಕೆಡವಿ ಅನ್ನುತ್ತೇನೆ. ಆದರೆ ಒಂದು ಕಟ್ಟಡದಲ್ಲಿ ಸಿಮೆಂಟ್, ಉಕ್ಕು ಅತಿ ಹೆಚ್ಚು ಹೋಗೋದು ಅಡಿಪಾಯ, ಕಂಬ, ತೊಲೆ, ಸ್ಲ್ಯಾಬಿಗೆ. ಪರಿವರ್ತನೆಯಲ್ಲಿ ಉಳಿಯೋದು ಸರಿಯಾಗಿ ಅದೇ. ಅದನ್ನು ಪುಡಿ ಮಾಡಿ ಲಾರಿಯಲ್ಲಿ ಸಾಗಿಸಿ, ಮತ್ತೆ ಅದನ್ನೇ ಹೊಸದಾಗಿ ಎರಕ ಹೊಯ್ಯೋದು ನನಗಂತೂ ಹೊಟ್ಟೆ ಉರಿಸುತ್ತದೆ. ಇನ್ನೊಂದು ವ್ಯವಹಾರದ ಮಾತು: ಹಳೇ ಕಟ್ಟಡ ಹಳೇ ನಿಯಮದಲ್ಲಿ ರಸ್ತೆಗೆ ಹತ್ತಿರ ಬಂದು ನಿಂತಿರಬಹುದು. ಕೆಡವಿದ ದಿನವೇ ಹೊಸ ನಿಯಮ ಶುರು, ಅಷ್ಟೇ ಜಾಗ ಮತ್ತೆ ಕಟ್ಟೋಕೆ ಬಿಡದೇ ಇರಬಹುದು. ಕೆಡವುವ ಮುಂಚೆ ಅದನ್ನು ಕೇಳಿ ತಿಳಿದುಕೊಳ್ಳಬೇಕು, ಆಮೇಲಲ್ಲ.

ಕ್ಯಾಲ್ಗರಿ ಅನ್ನೋ ಕೆನಡಾದ ನಗರದ ಬಗ್ಗೆ ಓದಿಕೊಳ್ಳಿ, ನಿಮ್ಮ ಪ್ರಾಜೆಕ್ಟಿಗೂ ಆಗುತ್ತದೆ. ತೈಲ ಕಂಪನಿಗಳು ಸೊರಗಿ ನಗರದ ನಡುವಿನ ಆಫೀಸುಗಳು ಖಾಲಿಯಾದಾಗ, 2021ರಲ್ಲಿ ನಗರಾಡಳಿತವೇ ಪರಿವರ್ತನೆಗೆ ಚದರಡಿ ಲೆಕ್ಕದಲ್ಲಿ ನೆರವು ಕೊಡೋಕೆ ಶುರು ಮಾಡಿತು. ಲಾಸ್ ಏಂಜಲೀಸ್ 1999ರಲ್ಲೇ ಹಳೇ ಕಟ್ಟಡಗಳ ಮರುಬಳಕೆಗೆ ಬೇರೆ ನಿಯಮ ಮಾಡಿಕೊಂಡು, ನಡು ಊರಿಗೆ ಜನರನ್ನು ವಾಪಸ್ ತಂದಿತ್ತು.

ಪ್ರಶ್ನೆ: ನಮ್ಮಲ್ಲಿ ನಾಲ್ಕು ಲಿಫ್ಟ್ ಇವೆ. ಮನೆ ಮಾಡಿದ ಮೇಲೂ ಅಷ್ಟು ಬೇಕಾ? ಒಂದನ್ನು ಮುಚ್ಚಿ ಪ್ರತಿ ಮಹಡಿಯಲ್ಲೂ ಒಂದು ಸಣ್ಣ ಕೋಣೆ ಮಾಡಿದರೆ?

ಅಷ್ಟು ಬೇಡ. ಆಫೀಸಿನಲ್ಲಿ ಎಲ್ಲರೂ ಒಂಬತ್ತೂವರೆಗೆ ಒಟ್ಟಿಗೆ ಬರುತ್ತಾರೆ, ಮನೆಯವರು ಹಾಗೆ ಬರಲ್ಲ. ನಿಮ್ಮ ಗಾತ್ರಕ್ಕೆ ಎರಡು ಸಾಕಾಗಬಹುದು, ಅದರಲ್ಲಿ ಒಂದು ಸ್ಟ್ರೆಚರ್ ಹಿಡಿಸುವಂತಿರಲಿ. ಆದರೆ ಲಿಫ್ಟಿನ ಬಾವಿಯಲ್ಲಿ ಕೋಣೆ ಮಾಡಬೇಡಿ, ಕಿಟಕಿ ಎಲ್ಲಿಂದ ತರುತ್ತೀರಿ? ಅದು ನೆಲದಿಂದ ಚಾವಣಿವರೆಗೆ ಯಾರೋ ಆಗಲೇ ಕೊರೆದು ಕೊಟ್ಟಿರುವ ತೂತು. ನೀರಿನ ಪೈಪು, ಕರೆಂಟಿನ ಕೇಬಲ್ಲು, ಬಚ್ಚಲಿನ ಗಾಳಿ ಹೊರಹಾಕುವ ಕೊಳವೆ ಎಲ್ಲಾ ಅದರಲ್ಲೇ ಹೋಗಲಿ. ಮಹಡಿ ಮಹಡಿಗೂ ಬೆಂಕಿ ದಾಟದ ಹಾಗೆ ಮುಚ್ಚಿಸಿ, ಪ್ರತಿ ಮಹಡಿಯಲ್ಲೂ ಪ್ಲಂಬರ್ ನಿಲ್ಲುವಷ್ಟು ಒಂದು ಜಾಲರಿ ಹಲಗೆ ಹಾಕಿಸಿ. ಹಾಂ, ಲಿಫ್ಟಿನ ಹಳೇ ಮೋಟರನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಲಿಫ್ಟ್ ಮೆಕ್ಯಾನಿಕ್‌ಗೆ ತೋರಿಸಿ, ಉಳಿಯುವ ಎರಡು ಲಿಫ್ಟಿಗೆ ಬಿಡಿಭಾಗ ಅಲ್ಲೇ ಸಿಗುತ್ತದೆ.